ಯೆಜ್ಡಿಗೆ ಮರುಜೀವ: ಯಂತ್ರಕ್ಕಿಂತ ಕಾಗದವೇ ಭಾರ

ಮೈಸೂರು: ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ 1961ರಿಂದ ಅಲ್ಲಿ ತಯಾರಾದ ಜಾವಾ, 1973ರ ನಂತರದ ಯೆಜ್ಡಿ ಬೈಕುಗಳನ್ನು ಗುಜರಿಯಿಂದ ಮರಳಿ ರಸ್ತೆಗೆ ತರುವವರ ಉತ್ಸಾಹ ಇನ್ನೂ ಕುಂದಿಲ್ಲ. ಸೀಮಿತ ಹಣದಲ್ಲಿ ಈ ಕೆಲಸಕ್ಕೆ ಕೈಹಾಕುವ ಮಧ್ಯಮ ವರ್ಗದವರಿಗೆ ಈಗ ಎದುರಾಗಿರುವ ಸವಾಲು ಯಂತ್ರದ್ದಲ್ಲ, ನಿಯಮಗಳದ್ದು.

ಯಂತ್ರದ ಮಟ್ಟಿಗೆ ಕೆಲಸ ಸರಳ. 250 ಸಿಸಿ ವರ್ಗದ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕವಾಟಗಳಿಲ್ಲ. ಚಲಿಸುವ ಭಾಗಗಳು ಕಡಿಮೆ. ಸಿಲಿಂಡರ್ ಬೋರಿಂಗ್, ಹೊಸ ಪಿಸ್ಟನ್, ಕ್ರ್ಯಾಂಕ್ ಬೇರಿಂಗ್ ಹಾಗೂ ಆಯಿಲ್ ಸೀಲ್‌ಗಳಿಗೆ ಮೊದಲ ಆದ್ಯತೆ ಸಲ್ಲಬೇಕು. ಸೀಲ್ ಸವೆದರೆ ಗೇರ್‌ಬಾಕ್ಸ್‌ನ ಎಣ್ಣೆ ಎಂಜಿನ್ನಿಗೆ ನುಸುಳಿ ದಟ್ಟ ಹೊಗೆ ಬರುತ್ತದೆ. ನಂತರದ ಸರದಿ ಬ್ರೇಕ್ ಲೈನರ್, ಟಯರ್ ಮತ್ತು ವೈರಿಂಗ್‌ನದು. 6 ವೋಲ್ಟ್ ವ್ಯವಸ್ಥೆಯ ಹಳೆಯ ಮಾದರಿಗಳನ್ನು 12 ವೋಲ್ಟ್‌ಗೆ ಬದಲಾಯಿಸಿದರೆ ರಾತ್ರಿ ಸಂಚಾರಕ್ಕೆ ತಕ್ಕ ಬೆಳಕು ದೊರೆಯುತ್ತದೆ. ಬಣ್ಣ, ಕ್ರೋಮ್ ಲೇಪನಗಳು ಕೊನೆಗಿರಲಿ. ಮೊದಲೇ ಹೊಳಪಿಗೆ ಹಣ ಸುರಿದು ಎಂಜಿನ್ ಕೆಲಸ ಅರ್ಧಕ್ಕೆ ನಿಲ್ಲಿಸಿದವರ ಬೈಕುಗಳು ಮತ್ತೆ ಮೂಲೆ ಸೇರುತ್ತವೆ.

ಕಾಗದಪತ್ರಗಳ ಲೆಕ್ಕ ಬೇರೆಯೇ ಇದೆ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಬೈಕುಗಳ ನವೀಕರಣ ಶುಲ್ಕ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ಮೀರಿದ ಬೈಕುಗಳಿಗೆ ಅದನ್ನು 2,000 ರೂಪಾಯಿ ಮಾಡಲಾಯಿತು. ಇದಕ್ಕಿಂತ ಭಾರವಾದದ್ದು ವಿಳಂಬ ಶುಲ್ಕ: ತಿಂಗಳಿಗೆ 300 ರೂಪಾಯಿ. ಮೂರು ವರ್ಷ ತಡವಾದರೆ ಇದೊಂದೇ 10,800 ರೂಪಾಯಿ ಆಗುತ್ತದೆ. ಅಜ್ಜನ ಬೈಕನ್ನು ಕೊಟ್ಟಿಗೆಯಿಂದ ಹೊರತೆಗೆಯುವ ಮೊಮ್ಮಗ ಓಡಿಸದೇ ಇದ್ದ ತಿಂಗಳುಗಳಿಗೂ ದಂಡ ತೆರಬೇಕಾಗುತ್ತದೆ.

ಪಾರಂಪರಿಕ ವಾಹನವೆಂಬ ಮಾನ್ಯತೆ ಪಡೆದರೆ ಪಾರಾಗಬಹುದೇ? 2021ರ ಜುಲೈನ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ಈ ಅವಕಾಶ. ನೋಂದಣಿ ಶುಲ್ಕ 20,000 ರೂಪಾಯಿ. ಚಾಸಿ, ಕವಚ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ದಿನನಿತ್ಯದ ಸಂಚಾರಕ್ಕೂ ಬಳಸುವಂತಿಲ್ಲ. 1978ರಲ್ಲಿ ಬಂದ ಜನಪ್ರಿಯ ರೋಡ್‌ಕಿಂಗ್ 2028ರವರೆಗೆ ಈ ವ್ಯಾಪ್ತಿಗೇ ಬಾರದು. ಇನ್ನು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಹಳೆಯ ವಾಹನಗಳ ಹೊಗೆ, ಸುರಕ್ಷತೆಗಳ ಬಗ್ಗೆ ಸರ್ಕಾರದ ಕಳಕಳಿ ನ್ಯಾಯವಾದದ್ದೇ. ಟೂ-ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜತೆ ಎಣ್ಣೆಯನ್ನೂ ಸುಡುತ್ತದೆ ಎಂಬುದನ್ನು ಅಭಿಮಾನಿಗಳೂ ಅಲ್ಲಗಳೆಯಲಾರರು. ಆದರೆ ವಿಳಂಬ ಶುಲ್ಕ ಹೊಗೆಯನ್ನು ಅಳೆಯುವುದಿಲ್ಲ, ಕ್ಯಾಲೆಂಡರನ್ನು ಅಳೆಯುತ್ತದೆ. ಅಚ್ಚುಕಟ್ಟಾಗಿ ದುರಸ್ತಿಯಾಗಿ ತಪಾಸಣೆಯಲ್ಲಿ ತೇರ್ಗಡೆಯಾದ ಬೈಕಿಗೂ ವಿನಾಯಿತಿ ಇಲ್ಲವೆಂದರೆ, ಇಪ್ಪತ್ತರಿಂದ ಐವತ್ತು ವರ್ಷಗಳ ನಡುವಿನ ವಾಹನಗಳು ಹಣವಂತರ ಸಂಗ್ರಹಕ್ಕೋ ಗುಜರಿಗೋ ಸೇರುವುದು ಖಚಿತ.

ಅಲ್ಲಿಯವರೆಗೆ ಕೊಳ್ಳುವವರು ಪಾಲಿಸಬೇಕಾದ ಸೂತ್ರ ಒಂದೇ: ಎಂಜಿನ್ ಬಿಚ್ಚುವ ಮುನ್ನ ಆರ್‌ಸಿ ಬಿಚ್ಚಿ ನೋಡಬೇಕು. ಚಾಸಿ ಸಂಖ್ಯೆ ತಾಳೆಯಾಗದ ಬೈಕು ಎಷ್ಟೇ ಅಗ್ಗವಾದರೂ ದುಬಾರಿಯೇ.