ಮನೆ ಎರಡಾದ ಮೇಲೆ ಕಂತು ಯಾರದು?

ಗಂಡ-ಹೆಂಡಿರ ಜಗಳ ಇನ್ನು ಬಗೆಹರಿಯದು ಎಂಬ ಹಂತಕ್ಕೆ ಬಂದಾಗ ನಮ್ಮ ಆಡೂರು, ಹಾನಗಲ್ಲ ಭಾಗದಲ್ಲಿ ಎರಡೂ ಕಡೆಯ ಹಿರಿಯರು ಮಠದ ಅಂಗಳದಲ್ಲೋ ಗುಡಿಯ ಕಟ್ಟೆಯ ಮೇಲೋ ಕೂಡುತ್ತಾರೆ. ಬಂಗಾರ ಯಾರಿಗೆ, ಭಾಂಡೆ ಸಾಮಾನು ಯಾರಿಗೆ, ಮಗು ಯಾರ ಹತ್ತಿರ, ಜೀವನಾಂಶಕ್ಕೆ ಎಷ್ಟು ಎಂದು ಮಾತಾಗುತ್ತದೆ. ಬಾಂಡ್ ಪೇಪರಿನ ಮೇಲೆ ಬರೆಸಿ ಸಹಿ ಹಾಕಿಸುತ್ತಾರೆ. ಇಷ್ಟಾದರೂ ಒಂದು ಬಾಬತ್ತು ಆ ಕಾಗದದೊಳಗೆ ಬರುವುದು ಅಪರೂಪ. ಇಬ್ಬರೂ ಕೂಡಿದ್ದಾಗ ಕಂತಿನ ಮೇಲೆ ತಂದ ಬೈಕು, ಫ್ರಿಜ್ಜು, ಮೊಬೈಲು, ಮನೆ ರಿಪೇರಿಗೆಂದು ಸಂಘದಿಂದ ಎತ್ತಿದ ಹಣ, ಇವುಗಳ ಬಾಕಿ. ಹಿರಿಯರು ಎದ್ದು ಹೋದ ಮುಂದಿನ ತಿಂಗಳು ವಸೂಲಿಯವನು ಬಾಗಿಲಿಗೆ ಬಂದಾಗಲೇ ಅದರ ನೆನಪು.

ಹಿಂದಿನವರು ಇದನ್ನು ಬರೆಯದಿದ್ದುದಕ್ಕೆ ಕಾರಣವಿತ್ತು. ಸೋಡಚೀಟಿ ಕೊಟ್ಟು ಬಿಡುಗಡೆ ಮಾಡುವುದು, ಆಮೇಲೆ ಉಡಿಕೆಯಾಗುವುದು ನಮ್ಮ ಸಮಾಜದಲ್ಲಿ ಹೊಸದಲ್ಲ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ 1947ರಲ್ಲೇ ಇಲ್ಲಿಗೆ ಹಿಂದೂ ವಿಚ್ಛೇದನ ಕಾಯ್ದೆ ಬಂದಿತ್ತು. ಆದರೆ ಆಗ ಸಾಲವೆಂದರೆ ಮನೆಯ ಯಜಮಾನನ ಹೆಸರಿನಲ್ಲಿ ಸಾವುಕಾರನ ಬಳಿ ಇರುತ್ತಿದ್ದ ಸಾಲ. ಹೊಸದಾಗಿ ಮದುವೆಯಾದ ಜೋಡಿಗೆ ಸ್ವಂತದ ಸಾಲವೇ ಇರಲಿಲ್ಲ. ಈಗ ಮದುವೆಯಾಗಿ ವರ್ಷ ತುಂಬುವುದರೊಳಗೆ ಇಬ್ಬರ ಸಹಿ ನಾಲ್ಕಾರು ಕರಾರಿನ ಮೇಲೆ ಬಿದ್ದಿರುತ್ತದೆ. ಕಾಲ ಬದಲಾಯಿತು, ಪಂಚರ ಕಾಗದ ಬದಲಾಗಲಿಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. 1955ರ ಹಿಂದೂ ವಿವಾಹ ಕಾಯ್ದೆ ತನ್ನ ಎರಡನೆಯ ಕಲಮಿನಲ್ಲೇ ವೀರಶೈವ, ಲಿಂಗಾಯತ ಎಂದು ಹೆಸರಿಸಿ ನಮ್ಮನ್ನು ಸೇರಿಸಿಕೊಂಡಿದೆ. ಸ್ವತಂತ್ರ ಧರ್ಮದ ನಮ್ಮ ವಾದ ಬೇರೆ ಮಾತು; ಮದುವೆ-ವಿಚ್ಛೇದನದ ಮಟ್ಟಿಗೆ ಇಂದು ನಮಗಿರುವುದು ಇದೇ ಕಾಯ್ದೆ. ಅದರ 27ನೆಯ ಕಲಮು ಮದುವೆಯ ಸಮಯದಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ ಮಾತ್ರ ಹೇಳುತ್ತದೆ. ಮೂರು ವರ್ಷದ ನಂತರ ಕಂತಿನಲ್ಲಿ ತಂದ ಫ್ರಿಜ್ಜಿನ ಸಾಲದ ಬಗ್ಗೆ ಅಲ್ಲಿ ಒಂದು ಶಬ್ದವೂ ಇಲ್ಲ.

ಸಾಲದ ಮಾತು ಬರುವುದು 1872ರ ಕರಾರು ಕಾಯ್ದೆಯಲ್ಲಿ. ಮದುವೆಯಾದ ಮಾತ್ರಕ್ಕೆ ಗಂಡನ ಸಾಲ ಹೆಂಡತಿಗೆ ಅಂಟುವುದಿಲ್ಲ, ಹೆಂಡತಿಯದು ಗಂಡನಿಗೂ ಅಂಟುವುದಿಲ್ಲ, ಅಂಟುವುದು ಸಹಿ. ಇಬ್ಬರೂ ಸಹಿ ಮಾಡಿದ್ದರೆ 43ನೆಯ ಕಲಮಿನಂತೆ ಸಾಲ ಕೊಟ್ಟವನು ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳಬಹುದು. ಜಾಮೀನು ನಿಂತವರ ಹೊಣೆಯೂ 128ನೆಯ ಕಲಮಿನಂತೆ ಸಾಲಗಾರನ ಹೊಣೆಯಷ್ಟೇ. ಸರ್ಕಾರಿ ಕಾಮಗಾರಿಗೆ ಇಬ್ಬರು ಗುತ್ತಿಗೆದಾರರು ಕೂಡಿ ಟೆಂಡರ್ ಹಾಕಿದರೆ ‘ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ’ ಎಂದು ಕರಾರಿನಲ್ಲಿ ಬರೆಸಿಕೊಳ್ಳುತ್ತಾರೆ. ಒಬ್ಬ ಕೈಬಿಟ್ಟರೆ ಇಲಾಖೆ ಇನ್ನೊಬ್ಬನನ್ನು ಹಿಡಿಯುತ್ತದೆ, ಅವರಿಬ್ಬರ ಮನಸ್ತಾಪ ಇಲಾಖೆಗೆ ಬೇಕಿಲ್ಲ. ಬ್ಯಾಂಕಿಗೂ ಹಾಗೆಯೇ. ‘ಕಂತು ಗಂಡ ಕಟ್ಟತಕ್ಕದ್ದು’ ಎಂದು ಪಂಚರು ಬರೆದರೂ, ಬ್ಯಾಂಕು ಒಪ್ಪಿ ಕರಾರು ಬದಲಿಸದ ಹೊರತು ಅದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಆ ಬರಹ ವ್ಯರ್ಥವೂ ಅಲ್ಲ. ಹೆಂಡತಿಯೇ ಕಟ್ಟಬೇಕಾಗಿ ಬಂದರೆ ಆ ಹಣವನ್ನು ಗಂಡನಿಂದ ವಸೂಲು ಮಾಡಲು ಅದೇ ಆಧಾರ.

ಬೈಕಿನ ಲೆಕ್ಕ ತೆಗೆದುಕೊಳ್ಳಿ. ತಿಂಗಳಿಗೆ 4,300 ರೂಪಾಯಿಯಂತೆ 24 ಕಂತು ಎಂದಿಟ್ಟುಕೊಳ್ಳೋಣ. ಹತ್ತು ಕಂತು ಕಟ್ಟಿದ ಮೇಲೆ ಬೇರೆಯಾದರೆ ಉಳಿಯುವುದು 60,200. ಹೆಂಡತಿಯ ಹೆಸರಿನಲ್ಲಿ ಸಾಲ, ಗಂಡನ ಕೈಯಲ್ಲಿ ಗಾಡಿ. ಕಂತು ತಪ್ಪಿದರೆ ಸಿಬಿಲ್ ಕೆಡುವುದು ಆಕೆಯದು. ನಾಳೆ ಒಂದು ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದರೂ ಬ್ಯಾಂಕು ಮುಖ ತಿರುಗಿಸುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಆರ್.ಸಿ. ಆಕೆಯ ಹೆಸರಿನಲ್ಲೇ ಇದ್ದರೆ, ವಿಮೆ ತೀರಿದ ಆ ಗಾಡಿ ಯಾರಿಗಾದರೂ ಬಡಿದ ದಿನ ಪರಿಹಾರದ ನೋಟಿಸು ಬರುವುದೂ ಆಕೆಗೇ. ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಾಡಿ ಯಾರಿಗೆ ಎಂದು ಪಂಚರು ಹೇಳಿದ ದಿನವೇ ಆರ್.ಸಿ. ಬದಲಾವಣೆಯನ್ನೂ ಹೇಳಬೇಕು.

ಮೈಕ್ರೋ ಫೈನಾನ್ಸ್ ಸಾಲದ್ದು ಇನ್ನೊಂದು ವಿಚಿತ್ರ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಈ ಸಾಲ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಎಲ್ಲ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಅಂದರೆ ಸಾಲ ಕೊಡುವಾಗ ಲೆಕ್ಕ ಹಾಕುವುದು ಇಬ್ಬರ ದುಡಿಮೆಯನ್ನು. ಸಹಿ ಇರುವುದು ಬಹುಪಾಲು ಹೆಣ್ಣುಮಗಳದು. ಮನೆ ಒಡೆದ ಮೇಲೆ ಒಬ್ಬರ ಕೂಲಿಯಲ್ಲಿ ಇಬ್ಬರ ಲೆಕ್ಕದ ಕಂತು ತೀರಬೇಕು. ಆಕೆ ತವರಿಗೆ ಹೋಗಿ ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರ ಮೇಲೆ ಒತ್ತಡ. ಆಗ ಊರಿನ ಬಾಯಲ್ಲಿ ಆಕೆ ‘ಸಾಲ ಮಾಡಿ ಓಡಿಹೋದವಳು’. ಆ ಹಣದಲ್ಲಿ ಯಾರ ಹೊಲಕ್ಕೆ ಗೊಬ್ಬರ ಬಿತ್ತು ಎಂದು ಯಾರೂ ಕೇಳುವುದಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ವಸೂಲಿಯ ಕಿರುಕುಳಕ್ಕೆ ಹತ್ತು ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಇಟ್ಟಿತು. ಒಳ್ಳೆಯದೇ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಅದರಿಂದ ಅಳಿಸಿಹೋಗುವುದಿಲ್ಲ.

ಬಂಗಾರದ ವಿಷಯದಲ್ಲಿ ಪಂಚರು ಗಟ್ಟಿಯಾಗಿ ಮಾತಾಡುತ್ತಾರೆ, ಆದರೂ ಮೋಸ ಹೋಗುತ್ತಾರೆ. ‘ತವರಿನವರು ಹಾಕಿದ ಐದು ತೊಲೆ ವಾಪಸು’ ಎಂದು ಬರೆಯುತ್ತಾರೆ. ಅದು ಗಂಡನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒತ್ತೆ ಬಿದ್ದಿರುತ್ತದೆ; ಸಾಲ ತೀರದೆ ಬ್ಯಾಂಕು ಬಿಡುವುದಿಲ್ಲ, ತೀರಿದರೂ ಒತ್ತೆ ಇಟ್ಟವನ ಕೈಗೇ ಕೊಡುತ್ತದೆ. ಸ್ತ್ರೀಧನ ಗಂಡ-ಹೆಂಡಿರ ಜಂಟಿ ಆಸ್ತಿಯಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಮರಳಿಸುವುದು ಅವನ ಹೊಣೆ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿದೆ. ಆದ್ದರಿಂದ ಒತ್ತೆಯ ಚೀಟಿ ಎಲ್ಲಿದೆ, ಬಿಡಿಸುವವರು ಯಾರು, ಯಾವ ತಾರೀಖಿನೊಳಗೆ ಎಂಬುದು ಕಾಗದದಲ್ಲಿರಬೇಕು.

ಗಂಡುಮಕ್ಕಳೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಹೆಂಡತಿಯ ಅಣ್ಣನ ಟ್ರ್ಯಾಕ್ಟರಿಗೆ ಜಾಮೀನು ನಿಂತವನು ಸಂಬಂಧ ಹರಿದ ಮೇಲೂ ಜಾಮೀನುದಾರನೇ. ನ್ಯಾಯದ ತಕ್ಕಡಿ ಇಬ್ಬರಿಗೂ ಒಂದೇ ಇರಲಿ. ವಸ್ತು ಯಾರ ಬಳಿ ಉಳಿಯಿತೋ ಅದರ ಬಾಕಿ ಅವರದು. ಇಬ್ಬರೂ ಉಂಡು ತೀರಿಸಿದ ಖರ್ಚಾದರೆ, ಉದಾಹರಣೆಗೆ ಮಗುವಿನ ಆಸ್ಪತ್ರೆಯದು, ಅವರವರ ದುಡಿಮೆಗೆ ತಕ್ಕ ಪಾಲು. ಸಮಪಾಲು ಎನ್ನುವುದು ಕೇಳಲು ಚೆಂದ. ಒಬ್ಬರ ಸಂಬಳ ಇನ್ನೊಬ್ಬರ ಕೂಲಿಯ ನಾಲ್ಕರಷ್ಟಿದ್ದಾಗ ಅದು ನ್ಯಾಯವಲ್ಲ.

ವೇದಿಕೆಯ ಮೇಲೆ ನಾವು ಎಲ್ಲವನ್ನೂ ಬಿಟ್ಟು ಅರಮನೆಯಿಂದ ಹೊರನಡೆದ ಅಕ್ಕಮಹಾದೇವಿಯನ್ನು ಕೊಂಡಾಡುತ್ತೇವೆ. ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿ ಸುರಿದು ಬರಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನೂ ಕೊಂಡಾಡುತ್ತೇವೆ. ಸಂಸಾರದ ಲೆಕ್ಕ ಕೇಳುವ ಹಕ್ಕು ಹೆಂಡತಿಗಿದೆ ಎಂದು ಲಕ್ಕಮ್ಮ ಹನ್ನೆರಡನೆಯ ಶತಮಾನದಲ್ಲೇ ತೋರಿಸಿದಳು. ಇಂದಿನ ಪಂಚಾಯಿತಿಯಲ್ಲಿ ಸಾಲದ ಮಾತು ಬಂದರೆ ‘ಅದು ಗಂಡಸರ ವ್ಯವಹಾರ’ ಎಂದು ಆಕೆಯ ಬಾಯಿ ಮುಚ್ಚಿಸುವವರು ಇದೇ ಶರಣರ ಹೆಸರು ಹೇಳುವವರು.

ಮಠಗಳ ಪೂಜ್ಯರಲ್ಲಿ, ಹಿರಿಯರಲ್ಲಿ ನಮ್ಮ ಕೋರಿಕೆ ಇಷ್ಟು. ಕೂಡುವ ಮೊದಲ ದಿನವೇ ಇಬ್ಬರಿಂದಲೂ ಸಾಲದ ಕಾಗದ, ಸಂಘದ ಪಾಸ್‌ಬುಕ್ಕು, ಒತ್ತೆ ಚೀಟಿ, ಆರ್.ಸಿ. ತರಿಸಿರಿ. ಬಾಕಿಯನ್ನು ಅಂಕಿಯಲ್ಲಿ ಬರೆಸಿರಿ. ಬಾದಾಮಿ ಚಾಲುಕ್ಯರ ಕಾಲದ ನಮ್ಮ ಆಡೂರಿನ ಶಾಸನದಲ್ಲಿ ಬಸದಿಗೆ ಬಿಟ್ಟ ನೆಲದ ಅಳತೆಯೂ ಕೆತ್ತಿದೆ. ಒಂದು ಬಾಂಡ್ ಪೇಪರಿನಲ್ಲಿ ಕಂತಿನ ಮೊತ್ತ ಬರೆಯಲು ನಮಗೇನು ಕಷ್ಟ? ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವುದಾದರೆ ಅದೇ ಪಟ್ಟಿ ಜಂಟಿ ಅರ್ಜಿಯೊಳಗೂ ಹೋಗಲಿ. ಸಣ್ಣ ಬಾಕಿಯಾದರೆ ಹಿರಿಯರ ಎದುರೇ ಕಟ್ಟಿಸಿ ಸಾಲ ಮುಗಿದ ಪತ್ರ ತರಿಸಿರಿ. ದೊಡ್ಡದಾದರೆ ಸಾಲ ಕೊಟ್ಟವರನ್ನೂ ಲೋಕ ಅದಾಲತ್‌ಗೆ ಕರೆಸಿ ಮೂವರ ಸಹಿ ಮಾಡಿಸಬೇಕು. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ಕಾನೂನು ಸೇವಾ ಸಮಿತಿಯ ವಕೀಲರು ಪುಕ್ಕಟೆ ಸಿಗುತ್ತಾರೆ. ತಾಲೂಕು ಕೋರ್ಟಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಸಾಕು.