ಓಎಸ್ ಬದಲಿಸುವ ಮುನ್ನ ಇಂಡೆಕ್ಸ್ ನೋಡಿ

ಸೆಂಟ್‌ಓಎಸ್ 7 ಲಿನಕ್ಸ್‌ನ ಬೆಂಬಲದ ಅವಧಿ 2024ರ ಜೂನ್ 30ಕ್ಕೇ ಮುಗಿಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಇನ್ನೂ ಅದರ ಮೇಲೇ ಓಡಿಸುತ್ತಿರುವವರಿದ್ದಾರೆ. ‘ಓಡ್ತಾ ಇದೆಯಲ್ಲ, ಯಾಕೆ ಮುಟ್ಟಬೇಕು?’ ಎಂಬುದು ಅವರ ವಾದ. ಭದ್ರತಾ ಪ್ಯಾಚ್ ಬರದ ಸರ್ವರ್‌ನಲ್ಲಿ ಜನರ ಮಾಹಿತಿ ಇಟ್ಟುಕೊಳ್ಳುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮಗೆ ಇನ್ನೂ ಹೆಚ್ಚಿನ ಆತಂಕ, ತಡವಾಗಿ ಎಚ್ಚೆತ್ತು ಗಡಿಬಿಡಿಯಲ್ಲಿ ಹೊಸ ಓಎಸ್‌ಗೆ ಹಾರುವವರದ್ದು.

ಅಕ್ಷರಗಳನ್ನು ಯಾವ ಕ್ರಮದಲ್ಲಿ (ಕೊಲೇಶನ್) ಜೋಡಿಸಬೇಕೆಂದು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಓಎಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ಸೆಂಟ್‌ಓಎಸ್ 7ರಲ್ಲಿರುವುದು ಜಿಲಿಬ್‌ಸಿ 2.17, ಅದರ ಬದಲಿಗೆ ಬಳಸುವ ರಾಕಿ, ಆಲ್ಮಾ ಲಿನಕ್ಸ್ 8ರಲ್ಲಿ 2.28. 2018ರಲ್ಲಿ ಬಂದ ಈ 2.28 ಜೋಡಣೆಯ ಕ್ರಮವನ್ನೇ ತಿದ್ದಿತು. ಹಳೆಯದರಲ್ಲಿ ‘11’ ಮೊದಲು, ‘1-1’ ಆಮೇಲೆ, ಹೊಸದರಲ್ಲಿ ತಿರುವುಮುರುವು. ನಮ್ಮ ಮನೆ ನಂಬರುಗಳು ಹೀಗೇ ಇರುತ್ತವಲ್ಲ! ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ಟೇಬಲ್‌ನಲ್ಲಿರುವ ದಾಖಲೆಯೇ ‘ಇಲ್ಲ’ ಎಂದು ಬರಬಹುದು. ಇಲ್ಲವೆಂದು ಮತ್ತೆ ಸೇರಿಸಿದರೆ ಯೂನಿಕ್ ಇಂಡೆಕ್ಸ್ ಕೂಡ ತಡೆಯದೆ ಹೋದೀತು. ಎರರ್ ಮೆಸೇಜ್ ಬರಲೇಬೇಕೆಂದಿಲ್ಲ.

ಹೊಸ ಓಎಸ್‌ನಲ್ಲಿ ಸ್ಟ್ಯಾಂಡ್‌ಬೈ ಸರ್ವರ್ ಸಿದ್ಧಮಾಡಿ, ಸ್ಟ್ರೀಮಿಂಗ್ ರೆಪ್ಲಿಕೇಶನ್ ಮಾಡಿ, ರಾತ್ರೋರಾತ್ರಿ ಬದಲಾಯಿಸುವ ಜಾಣತನವೂ ಇಲ್ಲಿ ಕೈಕೊಡುತ್ತದೆ. ಇಂಡೆಕ್ಸ್ ಇದ್ದ ಹಾಗೇ ನಕಲಾಗುತ್ತದೆ. ಡಂಪ್ ತೆಗೆದು ರಿಸ್ಟೋರ್ ಮಾಡಿದರೆ ಅಥವಾ ಲಾಜಿಕಲ್ ರೆಪ್ಲಿಕೇಶನ್‌ನಿಂದ ಸಾಗಿಸಿದರೆ ಈ ತೊಂದರೆ ಇಲ್ಲ. ‘ಸಿ’ ಕೊಲೇಶನ್ ಇಟ್ಟುಕೊಂಡವರೂ ಬಚಾವ್. ಪೋಸ್ಟ್‌ಗ್ರೆಸ್ 15ರಿಂದೀಚೆಗೆ ಡೇಟಾಬೇಸ್ ಮಟ್ಟದಲ್ಲೂ ಕೊಲೇಶನ್ ಆವೃತ್ತಿ ಬದಲಾದರೆ ಎಚ್ಚರಿಕೆ ಬರುತ್ತದೆ. ಆದರೆ ‘ರಿಫ್ರೆಶ್ ಕೊಲೇಶನ್ ವರ್ಷನ್’ ಕಮಾಂಡ್ ಕೊಟ್ಟು ಕೈತೊಳೆದುಕೊಂಡರೆ ಎಚ್ಚರಿಕೆಯ ಬಾಯಿ ಮುಚ್ಚುತ್ತದೆ, ಇಂಡೆಕ್ಸ್ ಸರಿಯಾಗುವುದಿಲ್ಲ.

ಹಾಗಾದರೆ ಆರಿಸುವುದು ಯಾವುದನ್ನು? ಯಾವ ಲಿನಕ್ಸ್ ವೇಗದ್ದು ಎಂಬ ಜಗಳ ಬಿಡಿ. ಪ್ಯಾಚ್ ಎಲ್ಲಿಯವರೆಗೆ, ಕೊಡುವವರು ಯಾರು ಎಂದು ಕೇಳಿ. 2029ರವರೆಗೆ ಎಂದಿದ್ದ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುವುದಾಗಿ ಅದನ್ನು ಕೊಡುತ್ತಿದ್ದವರೇ 2020ರ ಡಿಸೆಂಬರ್‌ನಲ್ಲಿ ಹೇಳಿದರು. ರಾಕಿ, ಆಲ್ಮಾ 9ಕ್ಕೆ ಈಗ 2032ರ ಮೇವರೆಗೆ ಭರವಸೆಯಿದೆ. ಡೆಬಿಯನ್ ಬಲ್ಲ ಸಿಬ್ಬಂದಿ ಇದ್ದರೆ ಡೆಬಿಯನ್ನೇ ಸರಿ.

ಯಾವುದನ್ನೇ ಆರಿಸಿ, ಹಳೆಯ ಡೇಟಾ ಫೈಲುಗಳನ್ನೇ ಒಯ್ಯುವುದಾದರೆ ಪಠ್ಯದ ಕಾಲಮ್‌ಗಳ ಮೇಲಿನ ಇಂಡೆಕ್ಸ್‌ಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿಕೊಳ್ಳಿ. ಅವನ್ನು ಹೊಸದಾಗಿ ಕಟ್ಟುವ ರೀಇಂಡೆಕ್ಸ್‌ಗೆ ಬೇಕಾದ ಸಮಯವನ್ನು ಪರೀಕ್ಷಾ ಸರ್ವರ್‌ನಲ್ಲಿ ಅಳೆದು ನೋಡಿ. ರೀಇಂಡೆಕ್ಸ್ ಮುಗಿಯುವವರೆಗೆ ಹೊಸ ಸರ್ವರನ್ನು ಬಳಕೆದಾರರಿಗೆ ತೆರೆಯಬೇಡಿ.