ಗ್ರಾಹಕ ಸೋತರೂ ಗೆಲ್ಲುವ ದಲ್ಲಾಳಿಗಳು

2007ರಲ್ಲಿ ಕರ್ನಾಟಕ ಸರಕಾರವು ಲಾಟರಿ ಮಾರಾಟವನ್ನು ನಿಷೇಧಿಸಿತು. ಕೂಲಿಕಾರನ ದಿನದ ಸಂಪಾದನೆ ಲಾಟರಿ ಅಂಗಡಿಯ ಪಾಲಾಗುತ್ತಿದೆ ಎಂಬ ಕೂಗಿಗೆ ತಡವಾಗಿಯಾದರೂ ದೊರೆತ ನ್ಯಾಯವದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆದರೆ ಅದೇ ಮೊಬೈಲಿನ ಇನ್ನೊಂದು ಆ್ಯಪ್‌ನಲ್ಲಿ, ಸಂಜೆಯೊಳಗೆ ನಿಫ್ಟಿ ಏರುವುದೋ ಇಳಿಯುವುದೋ ಎಂದು ಪಣ ಕಟ್ಟುವವನನ್ನು ಯಾರೂ ಜೂಜುಕೋರನೆನ್ನುವುದಿಲ್ಲ. ಆತ ‘ಟ್ರೇಡರ್’. ಆತನಿಂದ ಶುಲ್ಕ ಪಡೆಯುವವರು ‘ಹಣಕಾಸು ಸೇವಾ ಸಂಸ್ಥೆ’!

ಈ ಸೇವೆಯ ಫಲವೇನು? ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯೇ ಲೆಕ್ಕ ಕೊಟ್ಟಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯವಹಾರ ನಡೆಸಿದ ಒಂದು ಕೋಟಿಗೂ ಮಿಕ್ಕಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಕಳೆದುಕೊಂಡ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. 2024-25ರ ಒಂದೇ ವರ್ಷದಲ್ಲಿ ಇನ್ನೂ ಒಂದು ಲಕ್ಷ ಕೋಟಿಗೂ ಹೆಚ್ಚು ಹಣ ಕರಗಿತು. 2023-24ರಲ್ಲಿ ಈ ವ್ಯವಹಾರಕ್ಕಿಳಿದವರಲ್ಲಿ ನಾಲ್ಕರಲ್ಲಿ ಮೂವರು ತಮ್ಮ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆಯೆಂದು ಹೇಳಿಕೊಂಡವರು. ಶೇ. 43 ಮಂದಿ ಮೂವತ್ತು ವರ್ಷದೊಳಗಿನವರು. ಇವರು ಯಾರ ಮಕ್ಕಳು? ನಮ್ಮ ನಿಮ್ಮಂತಹ ಊರುಗಳ, ನಮ್ಮ ನಿಮ್ಮಂತಹ ಮನೆಗಳ ಮಕ್ಕಳು.

ಇಲ್ಲಿ ಒಬ್ಬನ ಲಾಭವೆಂದರೆ ಮತ್ತೊಬ್ಬನ ನಷ್ಟ. ಹೊಸ ಸಂಪತ್ತೇನೂ ಹುಟ್ಟುವುದಿಲ್ಲ. ಹತ್ತು ಮಂದಿ ತಲಾ ನೂರು ರೂಪಾಯಿ ಹಾಕಿ ಕುಳಿತರೆ, ಪ್ರತಿ ಸುತ್ತಿನಲ್ಲೂ ಚಾವಡಿಯ ಯಜಮಾನ ತನ್ನ ಪಾಲು ಎತ್ತಿಕೊಳ್ಳುತ್ತಾನೆ. ಸುತ್ತುಗಳು ಹೆಚ್ಚಿದಷ್ಟೂ ನಡುವಿನ ಹಣ ಕರಗುತ್ತದೆ. ಅದೇ ಮೂರು ವರ್ಷಗಳಲ್ಲಿ ದಲ್ಲಾಳಿ ಶುಲ್ಕ, ವಿನಿಮಯ ಕೇಂದ್ರದ ಶುಲ್ಕ, ತೆರಿಗೆ ಎಂದೆಲ್ಲ ಜನರು ತೆತ್ತದ್ದು ಸುಮಾರು 50,000 ಕೋಟಿ ರೂಪಾಯಿ. ಉಳಿದದ್ದನ್ನು ಬಾಚಿಕೊಂಡವರಾರು? ಹೆಚ್ಚಿನಂಶ ಕಂಪ್ಯೂಟರ್ ಪ್ರೋಗ್ರಾಂಗಳ ಮೂಲಕ ವ್ಯವಹರಿಸುವ ದೊಡ್ಡ ಸಂಸ್ಥೆಗಳು ಮತ್ತು ವಿದೇಶೀ ಹೂಡಿಕೆದಾರರು.

ದಲ್ಲಾಳಿ ಕಂಪೆನಿಯೇ ಷೇರುಪೇಟೆಯ ಪಟ್ಟಿಗೆ ಸೇರಿದಾಗ ಈ ರೋಗ ಇಮ್ಮಡಿಸುತ್ತದೆ. ಏಂಜೆಲ್ ಒನ್ 2020ರ ಅಕ್ಟೋಬರ್‌ನಲ್ಲೂ ಬೆಂಗಳೂರಿನ ಗ್ರೋ 2025ರ ನವೆಂಬರ್‌ನಲ್ಲೂ ಪಟ್ಟಿ ಸೇರಿದವು. ಅವು ಕಾನೂನು ಮುರಿದಿವೆ ಎಂಬುದು ನಮ್ಮ ಆರೋಪವಲ್ಲ. ಕಾನೂನಿನೊಳಗೇ ನಿಂತು ಅವು ಮಾಡಬೇಕಾದ ಕೆಲಸವೇ ನಮ್ಮ ಆಕ್ಷೇಪ. ಮೂರು ತಿಂಗಳಿಗೊಮ್ಮೆ ಹೂಡಿಕೆದಾರರ ಮುಂದೆ ಬೆಳವಣಿಗೆ ತೋರಿಸಬೇಕು. ಗ್ರಾಹಕರು ಹೆಚ್ಚು ಬಾರಿ ಕೊಟ್ಟು ಕೊಂಡರೆ ಮಾತ್ರ ಆದಾಯ ಬೆಳೆಯುತ್ತದೆ. ಗ್ರಾಹಕ ಗೆದ್ದನೋ ಸೋತನೋ ಎಂಬುದು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಅಮೆರಿಕದಲ್ಲಿ ಈ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ಬೃಹತ್ ದಲ್ಲಾಳಿ ಕಂಪೆನಿ ಚಾರ್ಲ್ಸ್ ಶ್ವಾಬ್ 2019ರಲ್ಲಿ ಷೇರು ವ್ಯವಹಾರದ ಕಮಿಷನನ್ನು ಶೂನ್ಯಕ್ಕಿಳಿಸಿತು. ಔದಾರ್ಯವೇ? ಗ್ರಾಹಕರು ಖಾತೆಯಲ್ಲಿ ಬಿಟ್ಟ ಹಣದಿಂದ ಬರುವ ಬಡ್ಡಿಯೇ ಅದರ ಬಹು ದೊಡ್ಡ ವರಮಾನ. ಉಚಿತವೆಂದು ಸಾರಿದ ಸಲಹಾ ಸೇವೆಯಲ್ಲಿ ಹೂಡಿಕೆದಾರರಿಗೆ ನಿಜಾಂಶ ತಿಳಿಸಲಿಲ್ಲವೆಂಬ ಪ್ರಕರಣದಲ್ಲಿ ಅದು, ಆರೋಪವನ್ನು ಒಪ್ಪದೆ ಅಲ್ಲಗಳೆಯದೆ, 2022ರಲ್ಲಿ 18.7 ಕೋಟಿ ಡಾಲರ್ ತೆರಲು ಸಮ್ಮತಿಸಿತು. ಕಮಿಷನ್ ಇಲ್ಲವೆಂದೇ ಯುವಕರನ್ನು ಸೆಳೆದ ರಾಬಿನ್‌ಹುಡ್, ಗ್ರಾಹಕರ ಆದೇಶಗಳನ್ನು ದೊಡ್ಡ ಸಂಸ್ಥೆಗಳಿಗೆ ರವಾನಿಸಿ ಅವರಿಂದ ಹಣ ಪಡೆಯುತ್ತಿತ್ತು. ಅದನ್ನು ಮರೆಮಾಚಿದ ಆರೋಪಕ್ಕಾಗಿ 2020ರಲ್ಲಿ 6.5 ಕೋಟಿ ಡಾಲರ್ ತೆತ್ತು, ಮರುವರ್ಷವೇ ಷೇರುಪೇಟೆ ಪ್ರವೇಶಿಸಿತು. ದಂಡವೆಂಬುದು ಇಂತಹವರಿಗೆ ವ್ಯಾಪಾರದ ಖರ್ಚು ಮಾತ್ರ.

‘ಯಾರನ್ನೂ ಬಲವಂತಪಡಿಸಿಲ್ಲವಲ್ಲ?’ ಎಂಬುದು ಸಿದ್ಧ ಉತ್ತರ. ಸೆಬಿಯ ಆದೇಶದಂತೆ 2023ರಿಂದ, ಹತ್ತರಲ್ಲಿ ಒಂಬತ್ತು ಮಂದಿ ಸೋಲುತ್ತಾರೆಂಬ ಎಚ್ಚರಿಕೆಯನ್ನು ದಲ್ಲಾಳಿಗಳು ಪರದೆಯ ಮೇಲೆ ತೋರಿಸುತ್ತಿದ್ದಾರೆ. ಸಿಗರೇಟಿನ ಪ್ಯಾಕೆಟಿನ ಮೇಲೂ ಎಚ್ಚರಿಕೆಯಿದೆ! ಸತತ ಎರಡು ವರ್ಷ ಸೋತವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಮತ್ತೆ ಆಟಕ್ಕೆ ಮರಳಿದ್ದಾರೆಂದು ಅದೇ ಅಧ್ಯಯನ ಹೇಳುತ್ತದೆ. ಚಟಕ್ಕೆ ಬಿದ್ದವನ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ಯಾವ ನ್ಯಾಯ?

ಷೇರು ಖರೀದಿಯೆಲ್ಲ ಜೂಜೆಂದು ನಾವು ಹೇಳುತ್ತಿಲ್ಲ. ಸಕ್ರಮವಾದ ಉದ್ಯಮದಲ್ಲಿ ಹಣ ತೊಡಗಿಸಿ, ಅದರ ಲಾಭನಷ್ಟದಲ್ಲಿ ಪಾಲುದಾರರಾಗುವುದು ವ್ಯಾಪಾರ. ವಾರದ ಕೊನೆಗೆ ಬೆಲೆಯಿಲ್ಲದಾಗಿ ಹೋಗಬಹುದಾದ ಚೀಟಿಯ ಮೇಲೆ ಅದೃಷ್ಟ ಪರೀಕ್ಷಿಸುವುದು ಬೇರೆಯೇ ಸಂಗತಿ. ಬಡ್ಡಿಯಿಂದ ದೂರವಿರಲು ಬ್ಯಾಂಕಿನ ಠೇವಣಿಯನ್ನೂ ಬೇಡವೆನ್ನುವ ಮನೆಗಳಲ್ಲಿಯೇ ಮಗ ಆಪ್ಶನ್ಸ್ ಆಡುತ್ತಿದ್ದರೆ, ಹೆತ್ತವರು ಅದನ್ನು ‘ಷೇರು ಬಿಸಿನೆಸ್’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರೆ, ನಮ್ಮ ಎಚ್ಚರ ಎಲ್ಲಿಗೆ ಹೋಯಿತು? ಮದ್ಯದ ಜೊತೆಗೆ ಜೂಜನ್ನೂ ಕುರ್‌ಆನ್ ನಿಷೇಧಿಸಿರುವುದು ಆ್ಯಪ್ ಬಂದ ಮಾತ್ರಕ್ಕೆ ರದ್ದಾಗಿಲ್ಲ.

2024ರ ನವೆಂಬರ್‌ನಲ್ಲಿ ಸೆಬಿಯು ಒಪ್ಪಂದಗಳ ಕನಿಷ್ಠ ಗಾತ್ರವನ್ನು 15 ಲಕ್ಷಕ್ಕೇರಿಸಿ, ವಾರದ ಒಪ್ಪಂದಗಳನ್ನು ಒಂದು ವಿನಿಮಯ ಕೇಂದ್ರಕ್ಕೆ ಒಂದು ಸೂಚ್ಯಂಕದಂತೆ ಮಿತಿಗೊಳಿಸಿತು. ಇದು ಸಾಲದು. ಆದಾಯ ಮತ್ತು ತಿಳಿವಳಿಕೆಯನ್ನು ಪರೀಕ್ಷಿಸದೆ ಯಾರಿಗೂ ಈ ಬಾಗಿಲು ತೆರೆಯಬಾರದು. ಸರಕಾರವು ಇದರ ತೆರಿಗೆಯ ಆಸೆಯನ್ನೂ ಬಿಡಬೇಕು. ಅಲ್ಲಿಯವರೆಗೆ ಕಾಯುವಷ್ಟು ಸಮಯ ನಮಗಿಲ್ಲ. ಮಸೀದಿಯ ಮಿಂಬರ್‌ಗಳಲ್ಲಿ, ಜಮಾಅತ್ ಸಭೆಗಳಲ್ಲಿ, ಊಟದ ಸುಪ್ರದ ಸುತ್ತ ಈ ಮಾತು ಬರಲಿ. ಗಲ್ಫಿನ ಬಿಸಿಲಲ್ಲಿ ಬೆವರು ಸುರಿಸಿ ತಂದೆ ಕಳುಹಿಸಿದ ಹಣ ಯಾರದೋ ತ್ರೈಮಾಸಿಕ ಲಾಭದ ಅಂಕಿಯಾಗಿ ಮುಗಿಯುವ ಮುನ್ನ, ಮಗನ ಬಳಿ ಕುಳಿತು ಒಂದು ಪ್ರಶ್ನೆ ಕೇಳಿ: ಈ ವರ್ಷದ ಲೆಕ್ಕ ತೋರಿಸುವೆಯಾ?